ಯೋಗೇಶನ ಕಾಂಟ್ರಾಕ್ಟು

ಕಳೆದ ತಿಂಗಳು ಪಾಂಡವಪುರದ ನಮ್ಮ ಮನೆಯ ಜಗಲಿಯಲ್ಲಿ ಒಂದು ಜಗಳ ನಡೆಯಿತು. ಜಗಳವಾಡಿದವರು ಹೊಸದಾಗಿ ಕಬಡ್ಡಿ ಕೋಚ್ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರು. ಜಗಳಕ್ಕೆ ಕಾರಣ ಮಾತ್ರ ಯಾವುದೋ ದೂರ ದೇಶದ ಫುಟ್‌ಬಾಲ್ ಆಟಗಾರ. ಆತ ಹೆಂಡತಿಯ ಮೇಲೆ ಕೈ ಮಾಡಿದನಂತೆ, ಅವನ ಕ್ಲಬ್ಬಿನವರು ಹೊರಗೆ ಹಾಕಿದರಂತೆ, ಇನ್ನೊಂದು ಕ್ಲಬ್ಬಿನವರು ಮೊದಲಿಗಿಂತ ಹೆಚ್ಚು ಸಂಬಳ ಕೊಟ್ಟು ಕರೆದುಕೊಂಡರಂತೆ. "ಆಟ ನೋಡಿ ದುಡ್ಡು ಕೊಡ್ಬೇಕು, ಮನೆ ವಿಚಾರ ಕ್ಲಬ್ಬಿಗ್ಯಾಕೆ?" ಎಂದು ಅರ್ಧ ಜನ. "ಅಂಥವ್ನಿಗೆ ಜನ್ಮದಲ್ಲಿ ಚೆಂಡು ಮುಟ್ಟಕ್ಕೆ ಬಿಡಬಾರ್ದು" ಎಂದು ಇನ್ನರ್ಧ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, "ಸಾರ್, ನೀವೇ ಹೇಳಿ" ಎಂದರು. ನಾನು ಕಾಫಿ ಲೋಟ ಕೆಳಗಿಟ್ಟು, "ಇಬ್ಬರದೂ ತಪ್ಪು" ಎಂದೆ. ಅವರ ಮುಖ ನೋಡಬೇಕಿತ್ತು. ಅವತ್ತು ಹೊತ್ತಾಗಿತ್ತು, ಅವರಿಗೆ ಬಸ್ಸು ಹಿಡಿಯಬೇಕಿತ್ತು. ಹಾಗಾಗಿ ಯಾಕೆ ತಪ್ಪು ಎನ್ನುವುದನ್ನು ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಚಾರ ಸ್ವಲ್ಪ. ನಾನು ನಾಗಮಂಗಲದ ಕಡೆಯವನು. ಕೆ.ಆರ್. ಪೇಟೆಯಲ್ಲಿ ಕೆಲವು ವರ್ಷ ಡ್ರಿಲ್ ಮಾಸ್ಟರಾಗಿದ್ದೆ. ಆಮೇಲೆ ಶ್ರೀರಂಗಪಟ್ಟಣದಲ್ಲಿ ನಾಲ್ಕು ಜನ ವ್ಯಾಪಾರಸ್ಥರು ಸೇರಿ ಒಂದು ಕಬಡ್ಡಿ ಕ್ಲಬ್ ಕಟ್ಟಿದಾಗ ನನ್ನನ್ನು ಕೋಚ್ ಆಗಿ ಕರೆದರು. ಮೊನ್ನೆ ಮೊನ್ನೆ ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ. ನಮ್ಮಲ್ಲಿ ಆಟಗಾರರಿಗೆ ವರ್ಷಕ್ಕೊಂದು ಕಾಂಟ್ರಾಕ್ಟು. ಎ, ಬಿ, ಸಿ ಎಂದು ಮೂರು ಗ್ರೇಡು, ಗ್ರೇಡಿಗೆ ತಕ್ಕ ಸಂಬಳ. ಯಾರಿಗೆ ಯಾವ ಗ್ರೇಡು ಎಂದು ಮೊದಲು ಹೇಳುವವನು ಕೋಚ್, ಕೊನೆಗೆ ಒಪ್ಪುವವರು ಅಧ್ಯಕ್ಷರು. ಇವೆರಡರ ನಡುವೆ ನಾನು ಸವೆಸಿದ ಚಪ್ಪಲಿ ಅಷ್ಟಿಷ್ಟಲ್ಲ.

ಕೋಚ್ ಎಂದರೆ ಕುತ್ತಿಗೆಗೆ ಸೀಟಿ ಹಾಕಿಕೊಂಡು ಅಂಕಣದ ಪಕ್ಕ ಕೂಗಾಡುವವನು ಎಂದು ನೀವು ತಿಳಿದಿದ್ದರೆ, ಆ ಭ್ರಮೆ ಮೊದಲ ವಾರದಲ್ಲೇ ಇಳಿಯುತ್ತದೆ. ಯಾವ ಹುಡುಗ ಮನೆಯಲ್ಲಿ ಜಗಳವಾಡಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದಾನೆ, ಯಾವನು ಬಾಬುರಾಯನಕೊಪ್ಪಲಿನ ಹೋಟೆಲಿನಲ್ಲಿ ಟೀ ಕುಡಿಯುತ್ತೇನೆಂದು ಹೋಗಿ ಬೇರೇನೋ ಕುಡಿದು ಬರುತ್ತಾನೆ, ಯಾವನಿಗೆ ಮಂಡಿ ನೋವಿದ್ದರೂ ಬಾಯಿಬಿಡುತ್ತಿಲ್ಲ, ಇದೆಲ್ಲ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಸೋತ ಮೇಲೆ ಗೊತ್ತಾಗುತ್ತದೆ.

ನಾನು ಶುರು ಮಾಡಿದಾಗ ಆಟವೆಲ್ಲ ಮಣ್ಣಿನ ಮೇಲೆ. ಬೆಳಿಗ್ಗೆ ನೀರು ಚಿಮುಕಿಸಿ, ಕಲ್ಲು ಆರಿಸಿ, ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆವು. ಸಂಜೆಗೆ ಅರ್ಧ ಗೆರೆ ಹುಡುಗರ ಬೆನ್ನಿಗೆ ಅಂಟಿರುತ್ತಿತ್ತು. ಆಮೇಲೆ ಮ್ಯಾಟ್ ಬಂತು, ಶೂ ಬಂತು, ಅದರ ಹಿಂದೆಯೇ ಕ್ಯಾಮೆರಾ ಬಂತು. ಮಣ್ಣಿನ ಕಾಲದಲ್ಲಿ ಉಗುರು ತಾಗಿತೋ ಇಲ್ಲವೋ ಎಂದು ಎರಡು ಊರಿನವರು ಹೊಡೆದಾಡಿಕೊಳ್ಳುತ್ತಿದ್ದರು. ಈಗ ವಿಡಿಯೋ ಹಿಂದಕ್ಕೆ ಓಡಿಸಿ ನೋಡಿದರೆ ಮುಗಿಯಿತು. ಆದರೆ ಕ್ಯಾಮೆರಾ ಅಂಕಣದಲ್ಲೇ ನಿಲ್ಲಲಿಲ್ಲ, ಎಲ್ಲರ ಜೇಬಿಗೂ ಬಂತು. ಮೊದಲೆಲ್ಲ ಸಂತೆಬಾಚಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ಗಲಾಟೆ ಮಾಡಿಕೊಂಡರೆ ಆ ಸುದ್ದಿ ಶ್ರೀರಂಗಪಟ್ಟಣಕ್ಕೆ ಬರುವ ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಈಗ ಹಾಗಲ್ಲ. ಗಲಾಟೆ ಮುಗಿಯುವ ಮೊದಲೇ ಅಧ್ಯಕ್ಷರ ಫೋನಿನಲ್ಲಿರುತ್ತದೆ.

ನಡತೆ ನೋಡಿ ಸಂಬಳ ಕೊಡಬೇಕು ಎನ್ನುವವರಿಗಾಗಿ ನಂದೀಶನ ಕಥೆ ಹೇಳುತ್ತೇನೆ. ನಂದೀಶ ಪಾಂಡವಪುರದ ಹುಡುಗ. ಅಂಥ ಒಳ್ಳೆಯ ಹುಡುಗನನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ. ಬೀಡಿ ಇಲ್ಲ, ಬ್ರಾಂದಿ ಇಲ್ಲ, ಹಣೆಯಲ್ಲಿ ಸದಾ ವಿಭೂತಿ. ಕ್ಲಬ್ಬಿಗೆ ದೊಡ್ಡವರು ಯಾರೇ ಬರಲಿ, ಬಗ್ಗಿ ಎರಡೂ ಪಾದ ಹಿಡಿದು ನಮಸ್ಕಾರ ಮಾಡುತ್ತಿದ್ದ. ಅಧ್ಯಕ್ಷರಿಗೆ ಅವನೆಂದರೆ ಪ್ರಾಣ. "ಸಂಸ್ಕಾರ ಅಂದ್ರೆ ಅದು ಕಣ್ರೀ ಮಾಸ್ಟ್ರೆ! ಈ ಸಲ ಅವ್ನಿಗೆ ಎ ಗ್ರೇಡ್ ಕೊಟ್ಬುಡಿ" ಎಂದರು. ನಾನು ಬೇಡವೆಂದೆ. ಅವರು ಕೇಳಲಿಲ್ಲ, ಕೊಟ್ಟರು. ನಂದೀಶ ಎಡ ಮೂಲೆಯ ಕ್ಯಾಚರ್. ಎದುರು ತಂಡದ ರೈಡರ್ ಮುಟ್ಟಲು ಬಂದಾಗ ಅವನ ಕಾಲು ಹಿಡಿಯುವುದು ಇವನ ಕೆಲಸ. ಇಡೀ ಸೀಸನ್‌ನಲ್ಲಿ ಅವನು ಅಧ್ಯಕ್ಷರ ಕಾಲು ಹಿಡಿದಷ್ಟು ಗಟ್ಟಿಯಾಗಿ ಒಬ್ಬ ರೈಡರ್‌ನ ಕಾಲನ್ನೂ ಹಿಡಿಯಲಿಲ್ಲ. ಮುಂದಿನ ವರ್ಷ ಅವನೇ ಬಂದು, "ಸಾರ್, ನಂಗೆ ಈ ಗ್ರೇಡ್ ಬ್ಯಾಡ, ಉಡುಗ್ರು ಆಡ್ಕೊಂಡು ನಗ್ತಾವ್ರೆ" ಎಂದ. ಈಗ ಕೆ.ಆರ್. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು ಚೆನ್ನಾಗಿದ್ದಾನೆ. ಒಳ್ಳೆಯತನಕ್ಕೆ ಪಾಯಿಂಟ್ ಇಲ್ಲ. ಅದು ಎಲ್ಲರಲ್ಲೂ ಇರಬೇಕಾದದ್ದು, ಅದಕ್ಕೆ ಪ್ರತ್ಯೇಕ ಸಂಬಳ ಕೊಡಲು ಹೊರಟರೆ ನಮಸ್ಕಾರ ಮಾಡುವವರು ಹೆಚ್ಚುತ್ತಾರೆಯೇ ಹೊರತು ಒಳ್ಳೆಯವರಲ್ಲ.

ಇನ್ನು ಶಿವಣ್ಣ. ನಮ್ಮ ನಾಗಮಂಗಲದವನೇ. ಅವನು ಅಡ್ಡ ನಿಂತರೆ ಎತ್ತಿನ ಗಾಡಿ ಕೂಡ ಮುಂದಕ್ಕೆ ಹೋಗುತ್ತಿರಲಿಲ್ಲ, ಆದರೆ ಕುಡಿಯುತ್ತಿದ್ದ. ಕುಡಿದು ಯಾರಿಗೂ ಒಂದು ಮಾತು ಅಂದವನಲ್ಲ. ಸುಮ್ಮನೆ ಒಂದು ಕಡೆ ಮಲಗಿಬಿಡುತ್ತಿದ್ದ. ಅವನಿಗೆ ನಾನು ನ್ಯಾಯ ನೀತಿ ಹೇಳಲು ಹೋಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕರಿಘಟ್ಟದ ಮೆಟ್ಟಿಲ ಬುಡಕ್ಕೆ ಕರೆಸಿ, "ಹತ್ತು" ಎನ್ನುತ್ತಿದ್ದೆ. ಹಿಂದಿನ ದಿನದ್ದು ಹೊಟ್ಟೆಯಲ್ಲಿದ್ದವನು ಆ ಬೆಟ್ಟ ಹತ್ತಿದರೆ ಏನಾಗುತ್ತದೆಂದು ಹತ್ತಿದವರಿಗೇ ಗೊತ್ತು. ಹತ್ತಲಾಗದ ದಿನ ಅವನು ಆಡುವಂತಿರಲಿಲ್ಲ, ಅಷ್ಟೇ. "ನೀವು ಬಯ್ದಿದ್ರೆ ಇನ್ನೂ ಕುಡೀತಿದ್ದೆ ಸಾ, ಆ ಬೆಟ್ಟ ಮಾತ್ರ ಬ್ಯಾಡ" ಎಂದು ಕೈ ಮುಗಿದಿದ್ದ. ಎರಡನೆಯ ಅವಕಾಶ ಕೊಟ್ಟೆ, ಮೂರನೆಯದನ್ನೂ ಕೊಟ್ಟೆ. ಕೊಡಲು ನನಗೆ ಅಧಿಕಾರವಿತ್ತು, ಏಕೆಂದರೆ ಅವನು ಕೆಡಿಸಿದ್ದು ತನ್ನ ಮೈಯನ್ನು ಮತ್ತು ನನ್ನ ತಂಡವನ್ನು ಮಾತ್ರ. ನಷ್ಟ ನನ್ನದಾದಾಗ ಕ್ಷಮಿಸುವುದೂ ನನಗೆ ಬಿಟ್ಟದ್ದು.

ಆದರೆ ನಷ್ಟ ಮೂರನೆಯವರದಾದಾಗ? ಅಲ್ಲಿಂದಲೇ ಯೋಗೇಶನ ವಿಚಾರ ಶುರುವಾಗುತ್ತದೆ.

ಯೋಗೇಶ ಸಂತೆಬಾಚಹಳ್ಳಿ ಹೋಬಳಿಯವನು. ಮನೆಯಲ್ಲಿ ಹಸು, ಎರಡು ಹೊತ್ತು ಡೈರಿಗೆ ಹಾಲು, ಒಂದಿಷ್ಟು ಗದ್ದೆ. ನಾನು ಕಂಡ ರೈಡರ್‌ಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಎದುರಾಳಿಗಳ ಮಧ್ಯೆ ನಿದ್ದೆಯಲ್ಲಿ ನಡೆಯುವವನ ಹಾಗೆ ಓಡಾಡುತ್ತಾ, ಇವನೇನೂ ಮಾಡಲಾರ ಎಂದು ಅವರು ಅಂದುಕೊಳ್ಳುವಷ್ಟರಲ್ಲಿ ಕಾಲ್ಬೆರಳಿನಲ್ಲಿ ಮುಟ್ಟಿ ಗೆರೆ ದಾಟಿರುತ್ತಿದ್ದ. ಅವನ ಆಟ ನೋಡಲು ಊರಿನವರು ಟ್ರಾಕ್ಟರು ಕಟ್ಟಿಕೊಂಡು ಬರುತ್ತಿದ್ದರು. ಎ ಗ್ರೇಡು ಅವನಿಗೆ ಯಾರೂ ದಯಪಾಲಿಸಿದ್ದಲ್ಲ, ಅವನೇ ಗಳಿಸಿದ್ದು.

ಅವನ ಹೆಂಡತಿ ಪವಿತ್ರ ಪಾಂಡವಪುರದ ಪಕ್ಕದ ಹಳ್ಳಿಯವಳು. ಪಂದ್ಯ ನೋಡಲು ಬಂದಿದ್ದವಳು ಅವನನ್ನು ಮೆಚ್ಚಿ, ಮನೆಯವರನ್ನು ಒಪ್ಪಿಸಿ ಮದುವೆಯಾದಳು. ಒಂದು ಹೆಣ್ಣು ಮಗುವಾಯಿತು. ಮಗು ಅಂಗನವಾಡಿಗೆ ಹೋಗುವಷ್ಟಾದ ಮೇಲೆ ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಕೊಂಡಳು. ತನ್ನನ್ನು ಕೇಳದೆ ಸೇರಿದಳು ಎನ್ನುವುದು ಯೋಗೇಶನ ಸಿಟ್ಟು. ಒಂದು ಸಂಜೆ ಕೆಲಸದಿಂದ ಬಂದವಳ ಕೈ ಹಿಡಿದು ತಿರುಚಿದ. ಮಣಿಕಟ್ಟಿನ ಮೂಳೆ ಮುರಿಯಿತು. ಅವಳ ಅಣ್ಣ ಬಂದು ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದ ಠಾಣೆಗೆ ಹೋಗಿ ದೂರು ಕೊಟ್ಟು, ತಂಗಿಯನ್ನೂ ಮಗುವನ್ನೂ ತವರಿಗೆ ಕರೆದುಕೊಂಡು ಹೋದ.

"ಕುಡಿದಿದ್ದ, ಏನೋ ಆಗೋಯ್ತು" ಎಂದು ಎಲ್ಲರೂ ಹೇಳಿದರು. ಯೋಗೇಶ ಕುಡಿಯುವವನಲ್ಲ. ಅದು ನನಗೆ ಗೊತ್ತಿತ್ತು, ಹೇಳಿದವರಿಗೂ ಗೊತ್ತಿತ್ತು. ನಾನು ಅವನನ್ನು ಕರೆಸಿದೆ.

"ಏನ್ಲಾ ಮಾಡ್ದೆ?"

"ಕ್ವಾಪ ಬಂದ್ಬುಡ್ತು ಸಾರ್. ಕಂಟ್ರೋಲ್ ತಪ್ಪೋಯ್ತು."

"ಅಂಕಣದಲ್ಲಿ ಏಳು ಜನ ಮೈಮೇಲೆ ಬಿದ್ದು ಎಳೆದಾಡ್ತಾರೆ. ಮೊಣಕೈಯಲ್ಲಿ ತಿವೀತಾರೆ. ನಿಮ್ಮವ್ವನ್ನ ಬಯ್ತಾರೆ. ಒಂದ್ ದಿನಾನೂ ನಿಂಗೆ ಕಂಟ್ರೋಲ್ ತಪ್ಪಿದ್ದು ನಾನು ಕಂಡಿಲ್ಲ. ಅಂಪೈರು ನಿಂಗೆ ಒಂದು ಕಾರ್ಡ್ ತೋರ್ಸಿಲ್ಲ. ಅಲ್ಲಿ ಬರದೇ ಇರೋ ಕೋಪ ಮನೇಲಿ ಅವಳೊಬ್ಬಳ ಮುಂದೇನೇ ಬತ್ತದಾ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಆ ಹುಡುಗನನ್ನು ಮಗನ ಹಾಗೆ ನೋಡಿದ್ದೆ, ಇವತ್ತಿಗೂ ಅವನ ಮೇಲೆ ಪ್ರೀತಿಯಿದೆ. ಆ ಪ್ರೀತಿಯೇ ಅವತ್ತು ಉರಿಯಾಗಿತ್ತು.

ಅದೇ ಹೊತ್ತಿಗೆ ಕಾಂಟ್ರಾಕ್ಟು ಹೊಸದು ಮಾಡುವ ಸಮಯ. ನಮ್ಮ ಅಧ್ಯಕ್ಷರ ಬಗ್ಗೆ ಒಂದು ಮಾತು ಹೇಳಬೇಕು. ಅಕ್ಕಿ ಗಿರಣಿ ನಡೆಸುತ್ತಿದ್ದವರು, ಧಾರಾಳಿ. ಹುಡುಗರಿಗೆ ಗಾಯವಾದರೆ ತಮ್ಮ ಕಾರಿನಲ್ಲೇ ಮೈಸೂರಿಗೆ ಕರೆದೊಯ್ಯುತ್ತಿದ್ದರು. ಕೆಟ್ಟವರಲ್ಲ. ಆದರೆ ಯಾವ ಜಗಳವಾದರೂ ಸರಿ, ಇಬ್ಬರನ್ನೂ ಕೂರಿಸಿ ಊಟ ಹಾಕಿಸಿಬಿಟ್ಟರೆ ಮುಗಿಯಿತು ಎನ್ನುವ ಜಾಯಮಾನ. ಮೊದಲಿಗೆ ಅವರು, "ಮನೆ ವಿಚಾರ ಮನೇಲಿರ್ಲಿ, ನಾವು ಕಾಸು ಕೊಡೋದು ಪಾಯಿಂಟಿಗೆ" ಎಂದರು. ಆದರೆ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಪವಿತ್ರಳ ಫೋಟೋ ಎಲ್ಲರ ಫೋನಿಗೂ ಹೋಯಿತು. ಜೆರ್ಸಿಗೆ ದುಡ್ಡು ಕೊಡುತ್ತಿದ್ದ ಅಂಗಡಿಯವರು, "ನಮ್ ಎಸ್ರು ಅವ್ನ ಎದೆ ಮ್ಯಾಲೆ ಬ್ಯಾಡ" ಎಂದರು. ಅಧ್ಯಕ್ಷರು ಎರಡು ದಿನ ಯೋಚನೆ ಮಾಡಿ, ಮೂರನೆಯ ದಿನ ಸಭೆ ಕರೆದು ತೀರ್ಪು ಹೇಳಿದರು.

"ನೋಡಿ, ಯೋಗಿ ಒಳ್ಳೆ ಹುಡ್ಗ. ಏನೋ ತಪ್ಪಾಯ್ತು. ಅವ್ನು ಹೋಗಿ ಹೆಂಡ್ತೀನ ಕರ್ಕೊಂಡ್ ಬರ್ಲಿ. ಸಂಸಾರ ಸರಿ ಹೋದ್ರೆ ಅದೇ ಎ ಗ್ರೇಡು, ಅದೇ ಸಂಬಳ. ಅವ್ಳು ಬರ್ದಿದ್ರೆ ಕಾಂಟ್ರಾಕ್ಟು ಇಲ್ಲ. ನಡತೆನೂ ನೋಡ್ದಂಗಾಯ್ತು, ಅವಕಾಶನೂ ಕೊಟ್ಟಂಗಾಯ್ತು. ಹೆಂಗೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೊಬ್ಬನೇ ಕೇಳಿದೆ: "ಕಾಂಟ್ರಾಕ್ಟು ಯೋಗೇಶನಿಗೋ, ಪವಿತ್ರಂಗೋ?"

"ಅದೇನ್ ಮಾತು ಮಾಸ್ಟ್ರೆ?"

"ಮುರಿದದ್ದು ಅವನು. ಷರತ್ತು ಅವಳಿಗೆ ಹಾಕ್ತಿದ್ದೀರಿ."

"ನಿಮ್ದು ಯಾವಾಗ್ಲೂ ಒಂದು ಕೊಂಕು" ಎಂದು ನಕ್ಕು, ಕಾಫಿಗೆ ಹೇಳಿದರು. ನನ್ನ ಮಾತು ಅಲ್ಲಿಗೇ ನಿಂತಿತು.

ಮುಂದೆ ಏನಾಯಿತು ಎನ್ನುವುದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲು ಯೋಗೇಶನ ಊರಿನಲ್ಲಿ ನ್ಯಾಯ ಸೇರಿತು. ಊರ ಯಜಮಾನರು ಅವನಿಗೆ ಉಗಿದು, ದೇವರ ಹುಂಡಿಗೆ ತಪ್ಪುಕಾಣಿಕೆ ಹಾಕಿಸಿದರು. ಅವನು ಯಜಮಾನರಿಗೆಲ್ಲ ಸಾಷ್ಟಾಂಗ ಹಾಕಿದ. ಆಮೇಲೆ ಕ್ಲಬ್ಬಿಗೆ ಬಂದು ಅಧ್ಯಕ್ಷರ ಕಾಲಿಗೆ ಬಿದ್ದ, ನನ್ನ ಕಾಲಿಗೂ ಬಂದ. "ನನ್ನ ಕಾಲು ಸರಿಯಾಗೇ ಅದೆ, ಮುರಿದಿರೋದು ಬೇರೆಯವರ ಕೈ" ಎಂದು ನಾನು ಹಿಂದೆ ಸರಿದೆ. ದೇವರಿಗೆ ಕಾಣಿಕೆ ಸಂದಿತು, ಯಜಮಾನರಿಗೆ ಮರ್ಯಾದೆ ಸಂದಿತು, ಅಧ್ಯಕ್ಷರಿಗೆ ನಮಸ್ಕಾರ ಸಂದಿತು. ಎಲ್ಲರ ಲೆಕ್ಕದಲ್ಲೂ ತಪ್ಪು ತೀರಿಹೋಗಿತ್ತು. ಉಳಿದದ್ದು ಸೊಸೆಯನ್ನು ಮನೆಗೆ ಕರೆತರುವ ಶಾಸ್ತ್ರವೊಂದೇ ಎಂದುಕೊಂಡರು.

ಆ ಶಾಸ್ತ್ರಕ್ಕೆ ಜನ ಸಾಲುಗಟ್ಟಿದರು. ಮೊದಲು ಯೋಗೇಶನ ತಾಯಿ ಹೋದರು. ಆಮೇಲೆ ಯಜಮಾನರು ಹಣ್ಣು, ಹೂವು, ಎಲೆ ಅಡಿಕೆ ಹಿಡಿದು ಹೋದರು. ಆಮೇಲೆ ನಮ್ಮ ತಂಡದ ಹುಡುಗರು ಬೈಕು ಕಟ್ಟಿಕೊಂಡು, "ಅತ್ಗೆ, ನೀವು ಬರ್ದಿದ್ರೆ ಈ ಸಲ ಕಪ್ಪು ಇಲ್ಲ" ಎಂದು ಬೇಡಿಕೊಂಡು ಬಂದರು. ಅಭಿಮಾನಿಗಳ ಸಂಘದವರು ಹೋದರು. ಪವಿತ್ರಳ ಮುಖವನ್ನೇ ನೋಡಿರದವರೂ ಹೋಗಿ ಬುದ್ಧಿ ಹೇಳಿದರು. ಒಂದು ದಿನ ಅವಳ ಅಣ್ಣ ನನಗೆ ಫೋನ್ ಮಾಡಿದ. "ಸಾರ್, ನಿಮ್ ಕ್ಲಬ್ಬಿನೋರು ದಿನಾ ಬತ್ತಾವ್ರೆ. ನಮ್ಮವ್ವಂಗೆ ಕಾಫಿ ಕಾಯ್ಸೋದೇ ಕೆಲ್ಸ ಆಗದೆ. ಊರೋರೆಲ್ಲ ಈಗ ನನ್ ತಂಗೀನೇ ಬಯ್ತಾವ್ರೆ, ಒಬ್ಬ ಆಟಗಾರನ ಬಾಳು ಆಳ್ ಮಾಡ್ತಾವ್ಳೆ ಅಂತ. ಕೈ ಮುರ್ಸ್ಕೊಂಡೋಳು ಅವ್ಳು ಸಾರ್!" ನನಗೆ ನಾಚಿಕೆಯಾಯಿತು. ಅದು ನಮ್ಮ ಕ್ಲಬ್ಬಿನ ಹೆಸರು ಹಿಡಿದು ನಡೆಯುತ್ತಿದ್ದ ದಾಳಿ.

ಅದಾದ ಮೇಲೆ ಒಂದು ದೊಡ್ಡ ಗುಂಪು ಹೊರಟಿತು: ಅಧ್ಯಕ್ಷರು, ಯೋಗೇಶನ ದೊಡ್ಡಪ್ಪ, ಇನ್ನಿಬ್ಬರು ಹಿರಿಯರು. ನಾನೂ ಕಾರು ಹತ್ತಿದೆ. "ಬಂದ್ರಲ್ಲ ದಾರಿಗೆ" ಎಂದು ಅಧ್ಯಕ್ಷರು ಖುಷಿಪಟ್ಟರು.

ಅವರೆಕಾಯಿ ಕಾಲ. ಪವಿತ್ರ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಬಲಗೈಗೆ ಪಟ್ಟಿ, ಎಡಗೈಯಲ್ಲಿ ಕಾಯಿ ಹಿಡಿದು ಹಲ್ಲಿನಲ್ಲಿ ನಾರು ಕಿತ್ತು, ಹೆಬ್ಬೆರಳಿನಿಂದ ಕಾಳು ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು. ಅವಳ ತಾಯಿ ಚಾಪೆ ಹಾಸಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

"ನೋಡವ್ವ ಮಗಾ, ಗಂಡ ಎಂಡ್ತಿ ಅಂದ್ಮೇಲೆ ಒಂದ್ ಮಾತು ಬತ್ತದೆ, ಓಯ್ತದೆ. ಅವ್ನು ತಪ್ಪಾಯ್ತು ಅಂತ ಊರ್ ಮುಂದೆ ಒಪ್ಕಂಡವ್ನೆ. ಕಾಣ್ಕೆನೂ ಆಕವ್ನೆ. ಇನ್ನೇನ್ ಆಗ್ಬೇಕು? ನೀನು ಬಂದ್ಬುಡು. ಅವ್ನ ಸಂಬ್ಳ ನಿಂತೋದ್ರೆ ಉಣ್ಣೋದು ಏನ? ನಿನ್ ಮಗೀಗೂ ಅಲ್ವಾ ಆ ದುಡ್ಡು?"

ಅಧ್ಯಕ್ಷರು, "ಇನ್ಮೇಲೆ ಅವ್ನು ಕೈ ಎತ್ತದಂಗೆ ನಾನು ಗ್ಯಾರಂಟಿ ಕಣಮ್ಮ" ಎಂದರು. ಇಷ್ಟು ದಿನ ಬಂದವರೆಲ್ಲ ಅವಳಿಗೆ ಹೇಳಿ ಹೋಗಿದ್ದರೇ ಹೊರತು ಒಬ್ಬರೂ ಕೇಳಿರಲಿಲ್ಲ. ನಾನು ಕೇಳಿದೆ.

"ನೀನು ಹೇಳಮ್ಮ. ಯೋಗೇಶ ಆಡ್ಬೇಕೋ, ಬೇಡ್ವೋ?"

ಅವಳು ನನ್ನನ್ನೇ ನೋಡಿದಳು. ಇದು ಇನ್ನೊಂದು ಉಪಾಯವೇನೋ ಎಂದು ಅಳೆಯುತ್ತಿದ್ದಳು ಎಂದು ಕಾಣುತ್ತದೆ.

"ಆಡ್ಲಿ ಸಾರ್. ಆಡೋದು ಬಿಟ್ರೆ ಅವ್ರಿಗೆ ಇನ್ನೇನ್ ಗೊತ್ತು? ನಾನ್ಯಾಕೆ ಅದನ್ನ ತಪ್ಪುಸ್ಲಿ?" ಎಂದಳು. ಅಧ್ಯಕ್ಷರ ಮುಖ ಅರಳಿತು. ಅವಳು ಮುಗಿಸಿರಲಿಲ್ಲ. "ಆದ್ರೆ ನಾನು ಬರಾಕಿಲ್ಲ. ನಂಗೆ ಆ ಮನೇಲಿ ಭಯ ಆಯ್ತದೆ. ಅವ್ರು ಬೈಕ್ ನಿಲ್ಸೋ ಶಬ್ದ ಕೇಳಿದ್ರೆ ಮಗು ನನ್ ಸೀರೆ ಹಿಡ್ಕೊಳ್ತದೆ. ಅವ್ರು ಆಡೋದು ಬ್ಯಾರೆ, ನಾನು ಹೋಗೋದು ಬ್ಯಾರೆ. ಎರಡ್ನೂ ಯಾಕ್ ಗಂಟಾಕಿದ್ರಿ? ಅವ್ರು ಆಡ್ದೇ ಹೋದ್ರೆ ನಾಳೆ ಊರೆಲ್ಲ ನನ್ನೇ ಬಯ್ಯಂಗೆ ಮಾಡಿದ್ದೀರಲ್ಲ, ನಾನ್ ಏನ್ ಮಾಡ್ದೆ ನಿಮ್ಗೆ?"

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದರು. ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾಫಿ ತತ್ತೀನಿ ಕಣಿ" ಎಂದು ಒಳಗೆ ಹೋದರು. "ಬ್ಯಾಡ ತಾಯಿ, ನಾವು ಹೊರಟೋ" ಎಂದು ನಾನು ಎದ್ದೆ.

ಕಾರಿನಲ್ಲಿ ಅಧ್ಯಕ್ಷರು, "ಈಗೇನ್ ಮಾಡೋದು ಮಾಸ್ಟ್ರೆ? ಬರಾಕಿಲ್ಲ ಅಂದ್ಬುಟ್ಲು. ಯೋಗೀನ ತಗದಾಕ್ಬೇಕಾ?" ಎಂದರು.

"ತೆಗೀಬೇಡಿ. ಈ ವರ್ಷ ಆಡಿಸಬೇಡಿ."

"ಅಂದ್ರೆ?"

ಆಗ ನಾನು ಹೇಳಿದ್ದನ್ನೇ ಮುಂದಿನ ಸಭೆಯಲ್ಲೂ ಹೇಳಿದೆ. ಯೋಗೇಶ ಈ ಸೀಸನ್ ಹೊರಗೆ ಕೂರಬೇಕು. ದಿನಾ ಅಭ್ಯಾಸಕ್ಕೆ ಬರಬೇಕು, ಮ್ಯಾಟ್ ಹಾಸಬೇಕು, ಮಡಚಬೇಕು, ಸಿ ಗ್ರೇಡ್ ಸಂಬಳ ತೆಗೆದುಕೊಳ್ಳಬೇಕು. ಅದರಲ್ಲಿ ಮಗುವಿನ ಪಾಲು ನೇರ ಪವಿತ್ರಳ ಖಾತೆಗೆ ಹೋಗಬೇಕು. ಅವಳು ವಾಪಸ್ ಬಂದರೂ ಸರಿ, ಬಾರದಿದ್ದರೂ ಸರಿ. ಮೈಸೂರಿನಲ್ಲಿ ಇಂಥ ಸಿಟ್ಟಿನವರ ಜೊತೆ ಕೂತು ಮಾತಾಡುವ ಡಾಕ್ಟರೊಬ್ಬರಿದ್ದಾರೆ, ಅವರ ಬಳಿ ಹೋಗುತ್ತಿರಬೇಕು. ಕೋರ್ಟಿನ ಕೆಲಸ ಕೋರ್ಟು ಮಾಡಲಿ, ಅದಕ್ಕೆ ನಾವು ಕೈ ಹಾಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕ್ಲಬ್ಬಿನ ಒಂದು ನರಪಿಳ್ಳೆಯೂ ಇನ್ನು ಆ ಹುಡುಗಿಯ ಬಾಗಿಲು ತುಳಿಯಬಾರದು. ತುಳಿದವನು ಆಟಗಾರನಾದರೆ ಅವನೂ ಹೊರಗೆ ಕೂರಲಿ, ಪದಾಧಿಕಾರಿಯಾದರೆ ರಾಜೀನಾಮೆ ಕೊಡಲಿ.

"ನೀವೇನ್ ಜಡ್ಜಾ?" ಎಂದು ಒಬ್ಬರು ಕೂಗಿದರು.

"ಜಡ್ಜ್ ಅಲ್ಲ ಸ್ವಾಮಿ, ಕೋಚು. ನಮ್ಮ ಆಟದಲ್ಲಿ ಔಟಾದವನು ಸೀದಾ ಮನೆಗೆ ಹೋಗಲ್ಲ. ಹಂಗಂತ ಬೇಕಾದಾಗ ಎದ್ದು ಒಳಕ್ಕೂ ಬರಂಗಿಲ್ಲ. ಪಕ್ಕದಲ್ಲಿ ಕೂತು, ತಾನಿಲ್ಲದ ಆಟ ನೋಡ್ತಾ, ಸರದಿ ಬರೋವರೆಗೂ ಕಾಯ್ಬೇಕು. ನಿಮಗೆ ಗೊತ್ತಿಲ್ದೇ ಇರೋದು ಏನೂ ನಾನು ಹೇಳ್ತಿಲ್ಲ."

"ಅವ್ನಿಲ್ದೆ ಸೋತ್ರೆ?"

"ಸೋಲೋಣ."

ಅಧ್ಯಕ್ಷರು ನನ್ನನ್ನು ನೋಡಿದರು. ಪವಿತ್ರಳ ಜಗಲಿಯಿಂದ ಬಂದಾಗಿನಿಂದ ಅವರ ದನಿ ಸ್ವಲ್ಪ ತಗ್ಗಿತ್ತು. "ನಂಗೂ ಎರಡು ಹೆಣ್ಣ್ ಮಕ್ಳು ಅವೆ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಆಮೇಲೆ, "ಮಾಸ್ಟ್ರು ಹೇಳ್ದಂಗೇ ಆಗ್ಲಿ" ಎಂದು ಎದ್ದುಬಿಟ್ಟರು.

ಸೋತೆವು. ನಾಗಮಂಗಲದಲ್ಲಿ, ನನ್ನ ಸ್ವಂತ ಊರಿನವರ ಮುಂದೆ, ಹೀನಾಯವಾಗಿ ಸೋತೆವು. ಯೋಗೇಶನ ಊರಿನವರು ಟ್ರಾಕ್ಟರಿನಲ್ಲಿ ಬಂದಿದ್ದರು, ಅವನನ್ನು ನೋಡಲಿಕ್ಕಲ್ಲ, ನನ್ನನ್ನು ಬಯ್ಯಲಿಕ್ಕೆ. "ಮಾಸ್ಟ್ರುಗೆ ಅರುಳೋ ಮರುಳೋ ಕಣ್ಲಾ!" ಎಂದು ನನ್ನ ಕಿವಿಗೆ ಬೀಳುವ ಹಾಗೆ ಕೂಗಿದರು. ಯೋಗೇಶ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ಟವೆಲ್ಲನ್ನು ಹಿಂಡುತ್ತಿದ್ದ. ಒಂದು ಸಲ ನಮ್ಮ ಕಡೆ ಒಬ್ಬನೇ ಉಳಿದಾಗ, "ಸಾರ್, ಒಂದೇ ಒಂದು ರೈಡ್" ಎಂದ. ನಾನು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಕರಗಿಬಿಡುತ್ತಿದ್ದೆನೋ ಏನೋ. ನಾನೂ ಗೆಲುವಿನ ಆಸೆ ಇರುವ ಮನುಷ್ಯನೇ.

ಆ ವರ್ಷ ಅವನನ್ನು ಕೊಳ್ಳಲು ಬೇರೆ ಕ್ಲಬ್ಬಿನವರು ಬಂದಿದ್ದರು. ಹೆಚ್ಚು ಸಂಬಳ, ಒಂದು ಪ್ರಶ್ನೆ ಇಲ್ಲ. ಅವನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ, ಹೋಗಿದ್ದರೆ ತಡೆಯುತ್ತಲೂ ಇರಲಿಲ್ಲ. ಮ್ಯಾಟ್ ಹಾಸಿದ, ಮಡಚಿದ. ಮೈಸೂರಿನ ಡಾಕ್ಟರ ಹತ್ತಿರ ಮೊದಮೊದಲು ಮುಖ ಊದಿಸಿಕೊಂಡು ಹೋಗುತ್ತಿದ್ದವನು, ಆಮೇಲೆ ತಾನೇ ಬಸ್ಸು ಹತ್ತುತ್ತಿದ್ದ. ಒಳಗೆ ಎಷ್ಟು ಬದಲಾದ ಎಂದು ಹೇಳಲು ನಾನು ಯಾರು? ಕೋಚ್ ಆದವನಿಗೆ ಕಾಣುವುದು ನಡೆದುಕೊಂಡದ್ದು ಮಾತ್ರ. ನಡೆದುಕೊಂಡದ್ದು ಸರಿಯಿತ್ತು. ಅತ್ತ ಪವಿತ್ರಳ ಕೈ ಕೂಡಿಕೊಂಡಿತು. ಅವಳು ಮತ್ತೆ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಹಣ್ಣು ಹೂವು ಹಿಡಿದು ಯಾರೂ ಅವಳ ಮನೆಗೆ ಹೋಗಲಿಲ್ಲ. ಅವಳ ಅಣ್ಣ ಒಮ್ಮೆ ಪೇಟೆಯಲ್ಲಿ ಸಿಕ್ಕಿ, "ಈಗ ನಮ್ಮವ್ವ ಒಲೆ ಮುಂದಿಂದ ಎದ್ದವ್ಳೆ ಸಾರ್" ಎಂದು ನಕ್ಕ.

ಹೊಸ ಕೋಚುಗಳೇ, ನಿಮ್ಮ ಜಗಳಕ್ಕೆ ನನ್ನ ಉತ್ತರ ಇಷ್ಟು. ಅಂಕಣದ ಹೊರಗೆ ಮಾಡಿದ್ದಕ್ಕೆ ಸಂಬಳ ಕಡಿಮೆಯಾಗಬೇಕೇ? ಇನ್ನೊಬ್ಬರ ಮೈ ಮನಸ್ಸಿಗೆ ಪೆಟ್ಟಾಗಿದ್ದರೆ ಆಗಲೇಬೇಕು. ಎರಡನೆಯ ಅವಕಾಶ ಕೊಡಬೇಕೇ? ಕೊಡಿ, ಕಾಯಿಸಿ ಕೊಡಿ. ಆದರೆ ಆ ಅವಕಾಶದ ಬೆಲೆಯನ್ನು ಪೆಟ್ಟು ತಿಂದವರ ಕೈಯಿಂದ ವಸೂಲಿ ಮಾಡಬೇಡಿ. ನಮ್ಮ ಕಡೆಯವರಿಗೆ ರಾಜಿ ಎಂದರೆ ಬಹಳ ಇಷ್ಟ. ರಾಜಿ ಆಯಿತು ಎಂದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುವಾಗ, ಆ ರಾಜಿಗೆ ಯಾರು ಬಗ್ಗಿದರು ಎಂದು ಒಮ್ಮೆ ತಿರುಗಿ ನೋಡಿ.

ಮರುವರ್ಷ ಯೋಗೇಶನಿಗೆ ಕಾಂಟ್ರಾಕ್ಟು ಸಿಕ್ಕಿತು. ಬಿ ಗ್ರೇಡು. ಮತ್ತೊಮ್ಮೆ ಕೈ ಎತ್ತಿದರೆ ಇನ್ನು ಅವಕಾಶವಿಲ್ಲ ಎಂದು ಅದರಲ್ಲೇ ಬರೆಸಿದ್ದೆ. ಅಧ್ಯಕ್ಷರ ಕೋಣೆಯಲ್ಲಿ ಅವನು ಸಹಿ ಹಾಕಿದ. ಅಧ್ಯಕ್ಷರು ಬೆನ್ನು ತಟ್ಟಿ ಫೋನು ಬಂತೆಂದು ಹೊರಗೆ ಹೋದರು. ಹುಡುಗರು ಆಗಲೇ ಹೊರಗೆ ಮ್ಯಾಟ್ ಹಾಸುತ್ತಿದ್ದರು. ಒಂದು ವರ್ಷದ ಮೇಲೆ ಅವನು ಇಳಿಯುವ ದಿನ ಎಂದು ಒಬ್ಬರಿಗೊಬ್ಬರು ಕೂಗಾಡಿಕೊಳ್ಳುತ್ತಿದ್ದರು. ಯೋಗೇಶ ಪೆನ್ನು ಕೆಳಗಿಡದೆ ನಿಂತೇ ಇದ್ದ.

"ಸಾರ್, ನೀವು ಹೇಳಿದ್ನೆಲ್ಲ ಮಾಡ್ದೆ. ಒಂದ್ ದಿನ ತಪ್ಪಿಸ್ನಿಲ್ಲ."

"ಹೂಂ. ನೋಡಿದ್ದೀನಿ."

"ಈಗ್ಲಾದ್ರೂ ಅವ್ಳು ಬತ್ತಾಳಾ ಸಾರ್?"

ಅವನ ಕಣ್ಣು ತುಂಬಿತ್ತು. ಪೆನ್ನು ಅವನ ಕೈಯಿಂದ ತೆಗೆದುಕೊಂಡೆ.

"ಅದು ಈ ಕಾಂಟ್ರಾಕ್ಟಲ್ಲಿ ಇಲ್ಲ ಕಣ್ಲಾ ಯೋಗಿ. ಹೋಗು, ಹುಡುಗ್ರು ಕಾಯ್ತಾವ್ರೆ."